ಯಶವಂತ ಸರ್‌ಗೆ ಪಾಠ ಕಲಿಸಿದ್ದು

ಮೊನ್ನೆ ಬೆಳಿಗ್ಗೆ ನಮ್ಮ ಅತ್ತೆಯವರ ಕೈಯಲ್ಲಿ ಒಂದು ರೊಟ್ಟಿ ಹರಿಯಿತು. ಜೋಳ ಹಳೆಯದಾಗಿತ್ತೋ ಏನೋ, ಹಿಟ್ಟಿಗೆ ಜಿಗುಟೇ ಇರಲಿಲ್ಲ. ಹಂಚಿಗೆ ಹಾಕುವಷ್ಟರಲ್ಲಿ ಎರಡು ಹೋಳಾಗಿ ಬಿತ್ತು. ಪಕ್ಕದಲ್ಲಿ ಬದನೆಕಾಯಿ ಹೆಚ್ಚುತ್ತ ಕೂತಿದ್ದ ನಾನು ತಲೆ ಎತ್ತಿ, "ಒಳ್ಳೆ ಪ್ರಯತ್ನ ಅತ್ತಿ" ಅಂದುಬಿಟ್ಟೆ.

ಅತ್ತೆಯವರು ಹಿಟ್ಟಿನ ಕೈಯನ್ನು ಪರಾತದಲ್ಲೇ ಬಿಟ್ಟು ನನ್ನ ಕಡೆ ತಿರುಗಿದರು.

"ಪ್ರಯತ್ನ ಅಂತ ಪ್ರಯತ್ನ! ನಿನ್ನ ಗಂಡ ಹುಟ್ಟೂದಕಿಂತ ಮೊದಲಿಂದ ರೊಟ್ಟಿ ಬಡಿಯಾಕತ್ತೀನಿ ಬೇ ನಾ!"

ಆ ದಿನ ಮಧ್ಯಾಹ್ನದವರೆಗೂ ಅವರು ನನ್ನ ಜೊತೆ ಮಾತಾಡಲಿಲ್ಲ. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಮಾತು ನನ್ನದಲ್ಲ, ನಮ್ಮ ಕಂಪನಿಯದು. ಯಾರಾದರೂ ತಪ್ಪಿದರೆ 'ತಪ್ಪು' ಅನ್ನಬಾರದು, 'ಒಳ್ಳೆ ಪ್ರಯತ್ನ' ಅನ್ನಬೇಕೆಂದು ನನಗೆ ಕಲಿಸಿದ್ದಾರೆ. ನಾನೂ ನೂರಾರು ಮಂದಿಗೆ ಕಲಿಸಿದ್ದೇನೆ. ಸಂತೆಯಲ್ಲಿ ಚಿಲ್ಲರೆ ತಪ್ಪಾಗಿ ಎಣಿಸಿದ ಮೆಣಸಿನಕಾಯಿ ಮುದುಕಿಗೂ ಒಮ್ಮೆ ಹೀಗೆಯೇ ಅಂದು ಬೈಸಿಕೊಂಡಿದ್ದೇನೆ.

ನಮ್ಮ ಕಂಪನಿಯ ಮುಖ್ಯ ಕಚೇರಿ ಸಮುದ್ರದಾಚೆ ಎಲ್ಲೋ ಇದೆ. ಅಲ್ಲಿ ಈಗ ಹಗಲೋ ರಾತ್ರಿಯೋ ಎಂಬುದು ನನಗೆ ಇವತ್ತಿಗೂ ಲೆಕ್ಕ ಹತ್ತುವುದಿಲ್ಲ. ಈ ಕಡೆಯ ವ್ಯವಹಾರವನ್ನೆಲ್ಲ ಪುಣೆಯ ಕಚೇರಿಯವರು ನೋಡುತ್ತಾರೆ. ನಮ್ಮ ಭಾಗದ ಖಾಸಗಿ ಇಂಗ್ಲಿಷ್ ಶಾಲೆಗಳು ಅವರ ಜೊತೆ ಒಪ್ಪಂದ ಮಾಡಿಕೊಂಡರೆ ಪುಸ್ತಕ, ಟ್ಯಾಬ್ಲೆಟ್, ಪಾಠ ಎಲ್ಲ ಅಲ್ಲಿಂದಲೇ ಬರುತ್ತವೆ. ಶಾಲೆಯವರು ಬೋರ್ಡಿನ ಮೇಲೆ 'ಇಂಟರ್‌ನ್ಯಾಷನಲ್' ಎಂದು ಒಂದು ಶಬ್ದ ಹೆಚ್ಚಿಗೆ ಬರೆಸಿಕೊಳ್ಳುತ್ತಾರೆ. ಬಂದ ಪಾಠವನ್ನು ಶಿಕ್ಷಕರು ಬಂದ ಹಾಗೆಯೇ ಹೇಳುತ್ತಿದ್ದಾರೋ ಇಲ್ಲವೋ ನೋಡಿ ತಿದ್ದುವುದು ನನ್ನ ಕೆಲಸ. ಹುದ್ದೆಯ ಹೆಸರು 'ಕೋಚ್'. ನಮ್ಮ ಬಳಗದಲ್ಲಿ ಬಹಳ ದಿನ ನಾನು ಖೋ-ಖೋ ಕಲಿಸುತ್ತೇನೆ ಎಂದೇ ತಿಳಿದಿದ್ದರು. ನಿಪ್ಪಾಣಿ ಬಸ್ಸಿನಲ್ಲಿ ಪಕ್ಕ ಕೂತ ಹಿರಿಯರೊಬ್ಬರು, "ಕೋಚ್ ಅಂದ್ರ ರೈಲ್ವೇದಾಗ ಅದಿಯೇನವಾ? ಕುಡಚಿ ಸ್ಟೇಷನ್ನಾಗ ನಮ್ಮ ಹುಡುಗಗ ಏನರ ಆಗತೈತೇನ ನೋಡವಾ" ಎಂದು ಬಹಳ ಪ್ರೀತಿಯಿಂದ ಕೇಳಿದ್ದರು.

ಚಿಕ್ಕೋಡಿಯಿಂದ ಬೆಳಗಿನ ಬಸ್ಸು ಹಿಡಿದು ಒಂದು ದಿನ ನಿಪ್ಪಾಣಿ, ಒಂದು ದಿನ ರಾಯಬಾಗ, ಮತ್ತೊಂದು ದಿನ ಕಾಗವಾಡ ಅಂತ ತಿರುಗುತ್ತೇನೆ. ಕಬ್ಬಿನ ಸುಗ್ಗಿಯಲ್ಲಿ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರಿನ ಹಿಂದೆ ನಮ್ಮ ಬಸ್ಸು ಹೆಣದ ಹಿಂದೆ ಹೋದಂತೆ ಹೋಗುತ್ತದೆ. ಶಾಲೆ ತಲುಪಿ, ತರಗತಿಯ ಕೊನೆಯ ಬೆಂಚಿನಲ್ಲಿ ಮಕ್ಕಳ ನಡುವೆ ಮೊಣಕಾಲು ಮಡಿಸಿ ಕೂತು, ಶಿಕ್ಷಕರನ್ನು ನೋಡುತ್ತ ಟ್ಯಾಬ್ಲೆಟ್ಟಿನಲ್ಲಿ ಗುರುತು ಹಾಕುತ್ತೇನೆ. ಸರಿಯಾದದ್ದಕ್ಕೆ ಹಸಿರು, ತಪ್ಪಿದ್ದಕ್ಕೆ ಕೆಂಪು. ನೋಡಲು ಬಂದವರು ತರಗತಿಯಲ್ಲಿ ಯಾರ ಜೊತೆಗೂ ಮಾತಾಡುವಂತಿಲ್ಲ.

ಈ ಕೆಲಸ ಇಷ್ಟವೇ ಎಂದು ಕೇಳಬೇಡಿ. ಸಂಬಳ ತಪ್ಪದೆ ಬರುತ್ತದೆ. ಬಾಯಿಯೇ ಬಿಡದ ಎಷ್ಟೋ ಹುಡುಗಿಯರು ನಮ್ಮ ಪಾಠಗಳಿಂದ ಎದ್ದು ನಿಂತು ಪಟಪಟ ಇಂಗ್ಲಿಷ್ ಮಾತಾಡುವುದನ್ನು ನಾನೇ ಕಂಡಿದ್ದೇನೆ. ಶಾಪ ಹಾಕಲು ಬಾಯಿ ಬರುವುದಿಲ್ಲ. ಆದರೆ ಅಥಣಿಯ ಬಸ್ಸು ಹತ್ತುವಾಗ ಇತ್ತೀಚೆಗೆ ನನ್ನ ಕಾಲು ಭಾರವಾಗುತ್ತದೆ. ಅದಕ್ಕೆ ಕಾರಣ ಯಶವಂತ ಸರ್.

ಅಥಣಿಯ ಹೊರಗಿರುವ ಒಂದು ಶಾಲೆ ಎರಡು ವರ್ಷದ ಹಿಂದೆ ನಮ್ಮ ಕಂಪನಿಗೆ ಸೇರಿತು. ಮೊದಲ ದಿನ ಹೆಡ್‌ಮಾಸ್ತರರು ನನ್ನನ್ನು ಏಳನೆಯ ತರಗತಿಗೆ ಕರೆದುಕೊಂಡು ಹೋದರು. ಬೋರ್ಡಿನ ಕಡೆ ಮುಖ ಮಾಡಿ ನಿಂತಿದ್ದ ಶಿಕ್ಷಕರನ್ನು ಬೆನ್ನು ನೋಡಿಯೇ ಗುರುತು ಹಿಡಿದೆ. ನನ್ನ ತವರೂರು ಐಗಳಿಯ ಹೈಸ್ಕೂಲಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದವರು ಅವರು. ತಲೆ ಪೂರ್ತಿ ನೆರೆತಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ ಮಾತ್ರ ಅಂದಿನಂತೆಯೇ ಇತ್ತು. ನಾನು ಕಾಲು ಮುಟ್ಟಲು ಬಾಗುವ ಮೊದಲೇ ಅವರು ನೆಟ್ಟಗೆ ನಿಂತು, "ಗುಡ್ ಮಾರ್ನಿಂಗ್, ಮೇಡಂ" ಅಂದರು. ಇಡೀ ತರಗತಿ ಎದ್ದು ನಿಂತಿತು. ನಾನು ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ.

ಆ ದಿನ ಟ್ಯಾಬ್ಲೆಟ್ಟಿನಲ್ಲಿ ಇದ್ದದ್ದು ಹಿಮ ಬೀಳುವ ದಿನದ ಪಾಠ. ಸರ್ ಇನ್ನೇನು ಅದನ್ನು ತೆರೆಯಬೇಕು, ಅಷ್ಟರಲ್ಲಿ ಹೊರಗೆ ಹಾಡು ಹಚ್ಚಿಕೊಂಡು ಕಬ್ಬಿನ ಟ್ರ್ಯಾಕ್ಟರ್ ಬಂತು. ಮಕ್ಕಳ ತಲೆಗಳೆಲ್ಲ ಕಿಟಕಿಗೆ ಹೊರಳಿದವು. ಸರ್ ಗದರಲಿಲ್ಲ. ತಾವೇ ಕಿಟಕಿಗೆ ಓಡಿ, "ದಿ ಟ್ರ್ಯಾಕ್ಟರ್ ಈಸ್ ಕಮಿಂಗ್!" ಎಂದು ಕೂಗಿದರು. ಮಕ್ಕಳೂ ಕೂಗಿದರು. "ದಿ ಟ್ರ್ಯಾಕ್ಟರ್ ಹ್ಯಾಸ್ ಕಮ್!" ಅದನ್ನೂ ಕೂಗಿದರು. ಟ್ರಾಲಿಯಿಂದ ಒಂದೆರಡು ಗಳ ಕಬ್ಬು ರಸ್ತೆಗೆ ಬಿತ್ತು. "ಕೇನ್ ಹ್ಯಾಸ್ ಫಾಲನ್! ಹೂ ವಿಲ್ ಪಿಕ್?" ಅಂದರು ಸರ್. "ಐ ವಿಲ್ ಪಿಕ್ ಸರ್!" ಎಂದು ಎಲ್ಲ ಕೈಗಳೂ ಮೇಲೆದ್ದವು. "ನೋ ನೋ, ಐ ವಿಲ್ ಪಿಕ್. ಐ ಆ್ಯಮ್ ಸೀನಿಯರ್!" ಎಂದು ಮಕ್ಕಳಿಗಿಂತ ಮೊದಲು ತಾವೇ ನಕ್ಕರು. ನಾನೂ ಬೆಂಚು ಅಲುಗುವಂತೆ ನಕ್ಕೆ. ಗಂಟೆ ಬಾರಿಸಿದಾಗ ನೋಡಿದರೆ ನನ್ನ ಟ್ಯಾಬ್ಲೆಟ್ಟಿನಲ್ಲಿ ಒಂದು ಗುರುತೂ ಬಿದ್ದಿರಲಿಲ್ಲ. ಹಿಮದ ಪಾಠ ತೆರೆದೇ ಇರಲಿಲ್ಲವಲ್ಲ, ನಿಯಮದಂತೆ ಎಲ್ಲಕ್ಕೂ ಕೆಂಪು ಒತ್ತಬೇಕಾಯಿತು.

ನಮಗೂ ಅವರು ಹೀಗೆಯೇ ಕಲಿಸಿದ್ದು. ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ಕರೆದುಕೊಂಡು ಹೋಗಿ, ಹಸಿ ದ್ರಾಕ್ಷಿಯಿಂದ ಒಣದ್ರಾಕ್ಷಿಯವರೆಗೆ ಒಂದೊಂದನ್ನೂ ತಿನ್ನಿಸುತ್ತ ಕಾಲಗಳ ವ್ಯಾಕರಣ ಹೇಳಿದ್ದರು. ಭೂತಕಾಲ ಬಹಳ ಸಿಹಿಯಾಗಿತ್ತು. ಹತ್ತನೆಯದು ಮುಗಿದ ಮೇಲೆ ನನ್ನನ್ನು ಮದುವೆ ಮಾಡಿ ಕಳಿಸಲು ಅಪ್ಪ ಗಟ್ಟಿ ಮಾಡಿದಾಗ ಸರ್ ನಮ್ಮ ಮನೆಗೆ ಬಂದರು. ನಮ್ಮದು ಕಬ್ಬು, ದ್ರಾಕ್ಷಿಯ ಹೊಲವಿದ್ದ ಮನೆ. ಸರ್ ಅವರ ಅಪ್ಪ ಅವ್ವ ಅದೇ ಊರಿನ ಹೊಲಗಳಲ್ಲಿ ಕೂಲಿ ಮಾಡಿದವರು. ನಮ್ಮ ಹೊರಗೋಡೆಯ ಗೂಡಿನಲ್ಲಿ ಅವರ ಓಣಿಯಿಂದ ಬಂದವರಿಗೆಂದೇ ಒಂದು ಸ್ಟೀಲ್ ಲೋಟ ಇರುತ್ತಿತ್ತು. ಅಜ್ಜಿ ಅದರಲ್ಲೇ ಚಹಾ ಹಾಕಿಸಿದಳು. ಸರ್ ಕಟ್ಟೆಯ ಮೇಲೆ ಕೂತು ಕುಡಿದರು. ಎದ್ದು ಹೋಗಿ ಲೋಟ ತೊಳೆದರು. ಗೂಡಿನಲ್ಲಿ ಬೋರಲು ಇಟ್ಟರು. ಬಂದು ಮತ್ತೆ ಕೂತು ಅಪ್ಪನಿಗೆ ಹೇಳಿದರು, "ಪಾಟೀಲ್ರ, ಹುಡುಗಿ ಇಂಗ್ಲಿಷ್ ಛಲೋ ಐತ್ರಿ. ಚಿಕ್ಕೋಡಿ ಕಾಲೇಜಿಗೆ ಹಚ್ಚರಿ." ಅಪ್ಪ ಒಪ್ಪುವವರೆಗೂ ಅವರು ಬರುತ್ತಲೇ ಇದ್ದರು, ಪ್ರತಿ ಸಲವೂ ಲೋಟ ತೊಳೆಯುತ್ತಲೇ ಇದ್ದರು. ನಾನು ಕಾಲೇಜಿಗೆ ಹೋದದ್ದು ಹಾಗೆ.

ಅಂಥವರಿಗೆ ನಾನು ಸ್ಟಾಫ್ ರೂಮಿನಲ್ಲಿ ಎದುರು ಕೂರಿಸಿಕೊಂಡು ಬುದ್ಧಿ ಹೇಳಬೇಕಿತ್ತು. ಮೊದಲು ಒಳ್ಳೆಯ ಮಾತು ಹೇಳಿ ಆಮೇಲೆ ತಿದ್ದಬೇಕು ಎಂಬುದು ನಿಯಮ. ಒಳ್ಳೆಯ ಮಾತುಗಳು ಬೇಕಾದಷ್ಟಿದ್ದವು. ನಾನು ಟ್ಯಾಬ್ಲೆಟ್ಟಿನ ಕೆಂಪು ಗುರುತುಗಳನ್ನೇ ಮೇಲೆ ಕೆಳಗೆ ಸರಿಸುತ್ತ ಕೂತೆ.

"ಏನ್ ಬಂತ್ರಿ ಮೇಡಂ? ಫೇಲಾ?" ಅವರೇ ಕೇಳಿದರು.

"ಸರ್, ನನಗ ಮೇಡಂ ಅನಬ್ಯಾಡ್ರಿ."

"ಸಾಲ್ಯಾಗ ಅನ್ನಬೇಕವಾ. ಮನ್ಯಾಗ ಸುವರ್ಣಾ." ಆಮೇಲೆ ದನಿ ತಗ್ಗಿಸಿದರು. "ವರ್ಷದ ಕಡೀಕ ಕೆಂಪ ಇದ್ದವರನ್ನ ಇಟ್ಟಗೊಳ್ಳಾಂಗಿಲ್ಲಂತ ಹೆಡ್‌ಮಾಸ್ತರು ಹೇಳ್ಯಾರ. ಇನ್ನೊಂದ ನಾಕ ವರ್ಷ ಮಕ್ಕಳ ಮುಂದ ನಿಂದ್ರಬೇಕಂತ ಆಸೆ ಐತಿ. ನನಗ ಬ್ಯಾರೆ ಏನೂ ಬರೂದಿಲ್ಲ. ಇದನ್ನ ಹೆಂಗ ಹೇಳಬೇಕಂತ ಕಲಸ್ತಿ ಏನು?"

ಕಲಿಸಿದೆ. ತವರಿಗೆ ಹೋಗುವ ನೆಪದಲ್ಲಿ ಭಾನುವಾರಗಳಲ್ಲಿ ಐಗಳಿಗೆ ಹೋಗುತ್ತಿದ್ದೆ. ಸರ್ ಮನೆಯ ಪಡಸಾಲೆಯಲ್ಲಿ ಬುದ್ಧ, ಬಾಬಾಸಾಹೇಬರ ಫೋಟೋಗಳ ಕೆಳಗೆ ಟ್ಯಾಬ್ಲೆಟ್ಟನ್ನು ಗೋಡೆಗೆ ಆನಿಸಿ ಇಡುತ್ತಿದ್ದೆವು. ಸರ್ ಹೆಂಡತಿ ಶಾಂತಾಬಾಯಿಯವರೇ ನಮ್ಮ ತರಗತಿ. ಅವರು ಮಿರಜ ಕಡೆಯವರು, ಬಹಳ ನಗುವ ಹೆಂಗಸು.

ನಮ್ಮ ಪ್ರತಿ ಪಾಠವೂ 'ಹೌ ಆರ್ ಯೂ ಫೀಲಿಂಗ್ ಟುಡೇ?' ಎಂಬ ಪ್ರಶ್ನೆಯಿಂದಲೇ ಶುರುವಾಗುತ್ತದೆ. ಉತ್ತರಗಳೂ ಚಿತ್ರದ ಜೊತೆ ಅಲ್ಲೇ ಇರುತ್ತವೆ. ಸರ್ ಗಂಭೀರವಾಗಿ ನಿಂತು ಹೆಂಡತಿಗೆ ಆ ಪ್ರಶ್ನೆ ಕೇಳಿದರು.

"ಮೊಣಕಾಲ ನೋಯಾಕತ್ತಾವ ಅನ್ನಾಕ ಏನ್ ಅಂತಾರ್ರಿ?" ಅಂದರು ಶಾಂತಾಬಾಯಿ.

"ಅದು ಇದರಾಗ ಇಲ್ಲ. ಹ್ಯಾಪಿ ಅನ್ನು."

"ಅಗ ಬಾಯೀ, ಬರೇ ಸುಳ್ಳ!" ಎಂದು ನಕ್ಕು, "ಹ್ಯಾಪಿ, ಹ್ಯಾಪಿ" ಅಂದರು.

ಚಹಾ ಕುಡಿದ ಮೇಲೆ ನಾನು ಕಪ್ಪು ತೆಗೆದುಕೊಂಡು ತೊಳೆಯಲು ಎದ್ದೆ. ಯಾಕೆ ಎದ್ದೆನೋ ಗೊತ್ತಿಲ್ಲ, ಕಾಲು ತಾನಾಗಿ ಎದ್ದಿತು. ಸರ್ ನನ್ನನ್ನು ನೋಡಿ, "ಕೆಳಗ ಇಡು ಸುವರ್ಣಾ. ಈ ಮನ್ಯಾಗ ಬಂದವರ ಕೈಲಿ ತೊಳಸೂ ಪದ್ಧತಿ ಇಲ್ಲ" ಅಂದರು. ಸಿಟ್ಟೇನೂ ಇರಲಿಲ್ಲ ಆ ಮಾತಿನಲ್ಲಿ. ಇಟ್ಟು ಕೂತೆ. ಇಬ್ಬರೂ ಟ್ಯಾಬ್ಲೆಟ್ಟಿನ ಕಡೆ ತಿರುಗಿದೆವು.

ಸರ್ ಒಳ್ಳೆಯ ವಿದ್ಯಾರ್ಥಿ. ಆದರೆ ಕಲಿಯುವುದಕ್ಕಿಂತ ಬಿಡುವುದೇ ಹೆಚ್ಚಿಗೆ ಇತ್ತು. ತರಗತಿಯಲ್ಲಿ ತಿರುಗಾಡುವುದು ಬಿಡಬೇಕು. ಕಿಟಕಿಯ ಹತ್ತಿರ ಹೋಗಬಾರದು. ನಡುವೆ ಕನ್ನಡ, ಮರಾಠಿ ಬರಬಾರದು. ಪಾಠದಲ್ಲಿ ಇಲ್ಲದ ನಗೆಮಾತು ಬೇಡ. ಪಾಠದಲ್ಲೇ ಅಲ್ಲಲ್ಲಿ 'ಇಲ್ಲಿ ಮುಗುಳ್ನಗಿ' ಎಂದು ಸೂಚನೆ ಇರುತ್ತದೆ. ಸರ್ ಅದನ್ನು ಓದಿ, "ನಗಿ ಎಷ್ಟ ಉದ್ದ ಇರಬೇಕು?" ಎಂದು ಕೇಳಿದರು. ಚೇಷ್ಟೆಯೇನೋ ಎಂದು ಮುಖ ನೋಡಿದೆ. ನಿಜವಾಗಿಯೇ ಕೇಳಿದ್ದರು. ಎಮ್ಮೆಯ ಮುಂದೆಯೂ ನಿಂತು ಹೇಳಿ ನೋಡುತ್ತಾರೆ, ಇಷ್ಟರಲ್ಲೇ ಅದಕ್ಕೂ ಇಂಗ್ಲಿಷ್ ಬರುತ್ತದೆ ಎಂದು ಶಾಂತಾಬಾಯಿ ನಗುತ್ತಿದ್ದರು. ತಿಂಗಳು ಕಳೆದಂತೆ ನಗುವುದು ಅವರೊಬ್ಬರೇ ಆದರು.

ವರ್ಷದ ಕೊನೆಗೆ ಪುಣೆಯ ಸಾಹೇಬರು ಬಂದರು. ಜೊತೆಗೆ ಮುಖ್ಯ ಕಚೇರಿಯಿಂದ ಒಬ್ಬ ವಿದೇಶಿ ಹೆಣ್ಣುಮಗಳು, ಬಹಳ ಸೌಮ್ಯ ಸ್ವಭಾವದವರು. ನಾವು ಮೂವರೂ ಏಳನೆಯ ತರಗತಿಯ ಹಿಂದೆ ಕೂತೆವು. ಸರ್ ಮೊದಲ ಶಬ್ದದಿಂದ ಕೊನೆಯವರೆಗೆ ಅಕ್ಷರ ತಪ್ಪದೆ ಪಾಠ ಹೇಳಿದರು. ನಿಲ್ಲಬೇಕಾದಲ್ಲಿ ನಿಂತರು, ನಗಬೇಕಾದಲ್ಲಿ ನಕ್ಕರು. ನಡುವೆ ರಸ್ತೆಯಲ್ಲಿ ಹಾಡು ಹಚ್ಚಿಕೊಂಡು ಟ್ರ್ಯಾಕ್ಟರ್ ಬಂತು. ಮಕ್ಕಳು ಕಿಟಕಿಯ ಕಡೆ ನೋಡಿದರು. ಆಮೇಲೆ ಎಲ್ಲರೂ ಸರ್ ಮುಖ ನೋಡಿದರು. ಸರ್ ಟ್ಯಾಬ್ಲೆಟ್ಟು ನೋಡಿ ಮುಂದಿನ ಸಾಲು ಹೇಳಿದರು.

ಎಲ್ಲ ಹಸಿರು. ಆ ಹೆಣ್ಣುಮಗಳು ಎದ್ದು ಚಪ್ಪಾಳೆ ತಟ್ಟಿದರು. ಪಾಠವನ್ನು ವೀಡಿಯೊ ಮಾಡಿಸಿ ಬೇರೆ ಊರುಗಳ ಶಿಕ್ಷಕರಿಗೆ ಮಾದರಿ ಎಂದು ತೋರಿಸಿದರು. ನನಗೆ ಬಡ್ತಿ ಸಿಕ್ಕಿತು. ಮನೆಯಲ್ಲಿ ಅತ್ತೆಯವರು ಶಿರಾ ಮಾಡಿದರು. ಸರ್ ಉಳಿದರಲ್ಲ ಎಂದು ನನಗೂ ಬಹಳ ಸಂತೋಷವೇ ಆಗಿತ್ತು. ಮರುವಾರ ಫೋನ್ ಮಾಡಿ, "ಇನ್ನ ಯಾರೂ ನೋಡೂದಿಲ್ರಿ ಸರ್, ನಡನಡುವ ನಿಮ್ಮ ಹಳೇದನ್ನೂ ಒಂದೀಟು ಹೇಳ್ರಿ" ಅಂದೆ. ಅವರು, "ನಿನ್ನೆ ಹೇಳಾಕ ಹ್ವಾದ್ನಿ. ಬರಲಿಲ್ಲವಾ" ಅಂದರು. ದಣಿದಿರಬೇಕು ಅಂದುಕೊಂಡು ನಾನು ಫೋನ್ ಇಟ್ಟೆ.

ಬಡ್ತಿ ಸಿಕ್ಕ ಮೇಲೆ ಶಾಲೆಗಳು ಹೆಚ್ಚಾದವು, ಅಥಣಿಗೆ ಹೋಗುವುದು ಕಡಿಮೆಯಾಯಿತು. ಕಳೆದ ಸುಗ್ಗಿಯಲ್ಲಿ ಒಂದು ದಿನ ಶಾಂತಾಬಾಯಿ ಫೋನ್ ಮಾಡಿದರು.

"ಸುವರ್ಣಾ, ಒಮ್ಮೆ ಬಂದು ಹೋಗವಾ. ಇವರು ಸಾಲಿಗೆ ಹೋಗಾಂಗಿಲ್ಲ ಅನ್ನಾಕತ್ತಾರ. ಊಟಾನೂ ಮಾಡವಲ್ರು."

ಹೋದೆ. ಸರ್ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ನೋಡಿದ ಕೂಡಲೇ ಬೇರೆ ಮಾತೇ ಇಲ್ಲದೆ ಹೇಳತೊಡಗಿದರು.

"ಶ್ರಾವಣಿ ಅಂತ ಒಂದ ಹುಡುಗಿ ಐತಿ, ತ್ವಾಟದ ಮನಿಯಿಂದ ಬರತೈತಿ. ಎಂಟ ಹತ್ತ ದಿವಸ ಬಂದಿರಲಿಲ್ಲ. ಸೋಮವಾರ ಬಂತು. ಎಲ್ಲಾರನೂ ಕೇಳಿಧಂಗ ಅದನ್ನೂ ಕೇಳಿದೆ, ಹೌ ಆರ್ ಯೂ ಫೀಲಿಂಗ್ ಟುಡೇ ಅಂತ. ಎದ್ದ ನಿಂತು, 'ಐ ಆ್ಯಮ್ ಫೀಲಿಂಗ್ ಹ್ಯಾಪಿ ಟುಡೇ, ಸರ್' ಅಂತು. ನಾ 'ವೆರಿ ಗುಡ್, ಸಿಟ್ ಡೌನ್' ಅಂದೆ. ಬಾಜೂದಾಕೀನ ಎಬ್ಬಿಸಿದೆ."

ಗೋಡೆಗೆ ಒರಗಿದ್ದವರು ನೆಟ್ಟಗೆ ಕೂತರು.

"ಸಾಲಿ ಬಿಟ್ಟ ಮ್ಯಾಲೆ ಆಯಾ ಹೇಳಿದ್ಲು. ಅವರಪ್ಪ ಕಬ್ಬಿನ ಟ್ರಾಲಿ ಪಲ್ಟಿ ಆಗಿ ತೀರಿಕೊಂಡಿದ್ದ."

"ನಿಮಗ ಗೊತ್ತಿರಲಿಲ್ಲಲ್ರಿ ಸರ್."

"ಮೊದಲಾಗಿದ್ರ ಗೊತ್ತ ಇರಬೇಕಂತಿರಲಿಲ್ಲ. ಹುಡುಗಿ ಬಾಗಲದಾಗ ಬರೂದ ನೋಡೇ ತಿಳೀತಿತ್ತು. ಈಗೂ ಮುಖ ನೋಡಿದ್ನಿ ಸುವರ್ಣಾ. ನೋಡಲಿಲ್ಲ ಅಂತಲ್ಲ. ಮುಖ ನೋಡಿ, ನಕ್ಕು, ವೆರಿ ಗುಡ್ ಅಂದೆ. ಅಲ್ಲೆ ನಗಬೇಕಂತ ಇತ್ತಲಾ."

ಶಾಂತಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡರು. ಅಂದೇ ಸಂಜೆ ಸರ್ ಆ ತೋಟದ ಮನೆ ಹುಡುಕಿಕೊಂಡು ಹೋಗಿದ್ದರಂತೆ. ತಾಯಿ ಒಳಗೆ ಮೂಲೆ ಹಿಡಿದಿದ್ದಳು. ಹುಡುಗಿಯೇ ಹೊರಗೆ ಬಂದು ಇವರಿಗೆ ಕುಡಿಯಲು ನೀರು ಕೊಟ್ಟಿತು.

"'ಯಾಕವಾ, ನನಗ ಹೇಳಬಾರದಿತ್ತಾ' ಅಂದೆ. 'ನೀವು ಕೇಳಿದ್ದು ಇಂಗ್ಲಿಷ್‌ನ್ಯಾಗ್ರಿ ಸರ್' ಅಂತು. ಅಷ್ಟ ಅಂದು ಚರಿಗಿ ತಗೊಂಡು ಒಳಗ ಹೋತು."

"ಸರ್, ಇದರಾಗ ನಿಮ್ಮ ತಪ್ಪೇನೈತ್ರಿ? ಕಲಿಸಿದಾಕಿ ನಾನು..."

ಅವರು ಕೈ ಎತ್ತಿ ತಡೆದರು. "ಯಾರ ತಪ್ಪು ಅಂತ ಹಚ್ಚಗೋಂತ ಕೂತರ ಆ ಹುಡುಗಿಗೇನಾತು? ನಾಕ ವರ್ಷ ನಿಂದ್ರಬೇಕಂತಿದ್ದೆ. ಮತ್ತ ಅಲ್ಲಿ ಹೋಗಿ ನಿಂತ್ರ ನನ್ನ ಬಾಯಾಗ ಅದ ಬರತೈತಿ. ನಾ ತಡದ್ರೂ ಬರತೈತಿ. ಅದಕ್ಕ ಬ್ಯಾಡಾತು."

ನಾನು ಹೇಳಿದೆ, ಬೇಡಿಕೊಂಡೆ. ಬೇರೆ ತರಗತಿ ಕೊಡಿಸುತ್ತೇನೆ, ಪುಣೆಯವರ ಜೊತೆ ಮಾತಾಡುತ್ತೇನೆ ಅಂದೆ. ಅವರು ಅಡ್ಡಡ್ಡ ತಲೆಯಾಡಿಸಿದರು. ಅದೇ ವಾರ ಶಾಲೆ ಬಿಟ್ಟರು. ಕಂಪನಿಯವರು ಒಂದು ಚೆಂದದ ಪ್ರಶಸ್ತಿಪತ್ರ ಕಳಿಸಿದರು. ಅದನ್ನು ಐಗಳಿಗೆ ಒಯ್ದು ಕೊಟ್ಟವಳೂ ನಾನೇ. ಶಾಂತಾಬಾಯಿ ತೆಗೆದುಕೊಂಡು ಎಲ್ಲಿ ಇಡಬೇಕೆಂದು ತಿಳಿಯದೆ ಕಪಾಟಿನ ಮೇಲೆ ಇಟ್ಟರು.

ಅವರ ಜಾಗಕ್ಕೆ ಕೊಲ್ಲಾಪುರ ಕಡೆಯ ಒಬ್ಬ ತರುಣ ಬಂದಿದ್ದಾನೆ. ಚುರುಕು, ವಿನಯವಂತ. ನಾನು ಹೇಳಿದ್ದನ್ನೆಲ್ಲ ಒಂದೇ ವಾರದಲ್ಲಿ ಕಲಿತ. ಅವನು ಬಿಡಬೇಕಾದದ್ದು ಏನೂ ಇರಲಿಲ್ಲ. ಅವನ ಪಾಠಗಳೆಲ್ಲ ಹಸಿರು. ನಾನೂ ಕೆಲಸ ಬಿಡಲಿಲ್ಲ. ಬಿಡುತ್ತೇನೆ ಎಂದು ಬಸ್ಸಿನಲ್ಲಿ ಬಹಳ ಸಲ ಅಂದುಕೊಂಡಿದ್ದೇನೆ. ಚಿಕ್ಕೋಡಿಯಲ್ಲಿ ಇಳಿಯುವಷ್ಟರಲ್ಲಿ ನಾಳೆ ಯಾವ ಶಾಲೆ ಎಂದು ನೋಡಿಕೊಳ್ಳುತ್ತಿರುತ್ತೇನೆ.

ಯುಗಾದಿಗೆ ತವರಿಗೆ ಹೋದಾಗ ಸರ್ ಮನೆಗೂ ಹೋಗಿದ್ದೆ. ಸೊರಗಿದ್ದರು. ಊರಿನ ಮಕ್ಕಳಿಗೆ ಸಂಜೆ ಮನೆಯಲ್ಲಿ ಏನಾದರೂ ಹೇಳಿಕೊಡಿ ಅಂದೆ. ನೋಡೋಣ ಅಂದರು. ಕಂಪನಿಯ ಬಗ್ಗೆ ಏನೂ ಕೇಳಲಿಲ್ಲ, ಹೊಸ ಶಿಕ್ಷಕನ ಬಗ್ಗೆಯೂ ಕೇಳಲಿಲ್ಲ. ಹೊರಡುವಾಗ ಮಾತ್ರ ಬಾಗಿಲವರೆಗೆ ಬಂದು, "ಆ ಹುಡುಗಿ ಸಾಲಿಗೆ ಬರತೈತೇನು?" ಅಂದರು.

"ಬರತಾಳ್ರಿ ಸರ್."

"ಮಾತಾಡತೈತಿ?"

ಹಿಂದಿನ ವಾರವಷ್ಟೇ ನಾನು ಅದೇ ತರಗತಿಯಲ್ಲಿ ಕೂತು ಬಂದಿದ್ದೆ. ಹುಡುಗಿ ನನ್ನ ಮುಂದಿನ ಬೆಂಚಿನಲ್ಲೇ ಇತ್ತು. ಪ್ರಶ್ನೆ ಕೇಳಿದಾಗ ಎದ್ದು ಉತ್ತರ ಹೇಳಿತ್ತು, ಸರಿಯಾಗಿಯೇ ಹೇಳಿತ್ತು. ಸರ್ ಕೇಳುತ್ತಿದ್ದದ್ದು ಅದಲ್ಲ ಎಂದು ತಿಳಿದು, "ಕೇಳತೀನ್ರಿ ಸರ್" ಅಂದೆ.

ಮುಂದಿನ ಸಲ ಅಥಣಿಗೆ ಹೋದಾಗ ಬೇಕೆಂತಲೇ ಶ್ರಾವಣಿಯ ಪಕ್ಕದಲ್ಲಿ ಜಾಗ ಮಾಡಿಸಿಕೊಂಡು ಕೂತೆ. ಎರಡು ಬಿಗಿ ಜಡೆ, ಅದಕ್ಕೆ ಕೆಂಪು ರಿಬ್ಬನ್ನು. ತಾನೇ ಹಾಕಿಕೊಂಡಿದ್ದಿರಬೇಕು, ಒಂದು ಮೇಲೆ, ಒಂದು ಕೆಳಗೆ. ಮುಂದೆ ಆ ತರುಣ ಪಾಠ ಶುರು ಮಾಡಿದ. ನಾನು ಟ್ಯಾಬ್ಲೆಟ್ಟು ಮಗುಚಿ ಇಟ್ಟು, ಅವಳ ಕೈ ಮೇಲೆ ಕೈ ಇಟ್ಟು, ಮೆಲ್ಲಗೆ, "ಹೆಂಗ ಅದಿ ಬೇ ತಂಗಿ? ಅವ್ವ ಹೆಂಗ ಅದಾಳ?" ಎಂದು ಕೇಳಿದೆ.

ಹುಡುಗಿ ಬೋರ್ಡಿನಿಂದ ಕಣ್ಣು ತೆಗೆಯಲಿಲ್ಲ. ನನ್ನ ಕೈ ಕೆಳಗಿನಿಂದ ತನ್ನ ಕೈಯನ್ನು ನಿಧಾನವಾಗಿ ಎಳೆದುಕೊಂಡು, ತುಟಿ ಅಲುಗದ ಹಾಗೆ ಹೇಳಿತು:

"ಮೇಡಂ, ಪಾಠ ನಡದೈತ್ರಿ. ಮಾತಾಡಬಾರದ್ರಿ."